ಸೊನ್ನೆಗಿಂತ ಕೆಳಗಿಳಿದ ಉತ್ತರ

ಕರಿಹಲಗೆಯ ಮೇಲೆ ನನ್ನ ಉತ್ತರ ಸೊನ್ನೆಗಿಂತ ಕೆಳಗಿಳಿದದ್ದು ಕಂಡು ಇಡೀ ತರಗತಿ ನಕ್ಕಿತು. ಅರವತ್ತರ ದಶಕದ ಮೂಡಬಿದಿರೆ, ಬಿ.ಎಸ್ಸಿ. ಗಣಿತಕ್ಕೆ ನಾನೊಬ್ಬಳೇ ಹುಡುಗಿ. ಗಣಿತದಲ್ಲಿ ‘ಇ’ ಎಂದು ಕರೆಯುವ, ಸುಮಾರು 2.718ರ ಸಂಖ್ಯೆಯ ಮೈನಸ್ ಹತ್ತನೇ ಘಾತವನ್ನು, ಅದರ ಶ್ರೇಣಿಯ ಒಂದು ಪದ ಕೂಡಿ ಮುಂದಿನದನ್ನು ಕಳೆಯುತ್ತ ಲೆಕ್ಕ ಹಾಕಿದ್ದೆ. ಅದು ಎಷ್ಟೇ ಚಿಕ್ಕದಾದರೂ ಸೊನ್ನೆಗಿಂತ ಕೆಳಗೆ ಹೋಗುವಂತಿಲ್ಲ.

“ಇದು ನಿನ್ನಿಂದ ಆಗುವ ಕೆಲಸ ಅಲ್ಲ ಮಾರಾಯ್ತಿ, ಕೂತ್ಕೋ,” ಎಂದರು ಸರ್.

“ಇಲ್ಲ ಸರ್, ಇನ್ನೊಮ್ಮೆ ಮಾಡ್ತೇನೆ,” ಎಂದೆ, ಸಿಟ್ಟಿನಿಂದಲೇ.

ಕೂಡಿದ್ದು, ಕಳೆದದ್ದು ಎಲ್ಲ ಸರಿಯಿತ್ತು. ಆಗ ವಿಟ್ಲದ ನಮ್ಮ ಅಡಿಕೆ ಅಂಗಡಿಯ ತಕ್ಕಡಿ ನೆನಪಾಯಿತು. ಮೂಗುತಿಯ ತೂಕ ತಿಳಿಯಲು ಅಡಿಕೆ ಮೂಟೆಯನ್ನು ಮೂಗುತಿಯಿಟ್ಟು ಒಮ್ಮೆ, ಇಡದೆ ಒಮ್ಮೆ ತೂಗಿದರೆ ಏನು ಸಿಕ್ಕೀತು? ತಕ್ಕಡಿಯ ಏರುಪೇರೇ ಮೂಗುತಿಗಿಂತ ಹೆಚ್ಚಾದೀತು. ನಾನು ಮಾಡಿದ್ದೂ ಅದೇ. ಸಾವಿರಗಟ್ಟಲೆಯ ಸಂಖ್ಯೆಗಳ ನಡುವೆ ಒಂದು ಕಣವನ್ನು ಹುಡುಕಿದ್ದೆ; ನಾಲ್ಕು ದಶಮಾಂಶದಾಚೆ ಕೈಬಿಟ್ಟ ಚೂರುಗಳೇ ಉತ್ತರಕ್ಕಿಂತ ದೊಡ್ಡವಾಗಿದ್ದವು.

ಹಲಗೆ ಒರೆಸಿದೆ. ಕಳೆಯುವುದೇ ಬೇಡವೆಂದು ಪ್ಲಸ್ ಹತ್ತನೇ ಘಾತವನ್ನು ಬರೀ ಕೂಡುತ್ತ ಕಂಡುಹಿಡಿದು, ಒಂದನ್ನು ಅದರಿಂದ ಭಾಗಿಸಿದೆ. ಉತ್ತರ ಸೊನ್ನೆಗಿಂತ ಕೂದಲೆಳೆಯಷ್ಟು ಮೇಲೆ ನಿಂತಿತು. ಸರ್ ಸರಿಯೆಂದು ತಲೆಯಾಡಿಸಿದರು. ಯಾರೂ ನಗಲಿಲ್ಲ.

ಮುಂದೆ ನಾನೂ ಗಣಿತ ಕಲಿಸಿದೆ. ಹಲಗೆಯ ಮುಂದೆ ತಪ್ಪಿದವರಿಗೆ ‘ಕೂತ್ಕೋ’ ಎಂದು ಎಂದೂ ಹೇಳಲಿಲ್ಲ, ಡಸ್ಟರ್ ಕೊಟ್ಟೆ.