ಗೌರಕ್ಕ ಮೇಡಂ ಬಿಚ್ಚಿಟ್ಟ ಯಂತ್ರ

ವಿದ್ಯಾರ್ಥಿಗಳ ರೋಬೋ ಸ್ಪರ್ಧೆಗಳು ನಮ್ಮ ಕಡೆಯ ತಾಂತ್ರಿಕ ವಿದ್ಯಾಲಯಗಳಿಗೆ ಇನ್ನೂ ಹೊಸತಾಗಿದ್ದ ಕಾಲದಲ್ಲಿ, ಯಂತ್ರ ಓಡಿದರೆ ಸಾಕು ಎನ್ನುತ್ತಿದ್ದ ಮಕ್ಕಳಿಗೆ ಅದು ಅಚ್ಚುಕಟ್ಟಾಗಿಯೂ ಇರಬೇಕೆಂದು ಕಲಿಸಿದ ಅಧ್ಯಾಪಕರಲ್ಲಿ ಶ್ರೀಮತಿ ಗೌರಕ್ಕ ಅಂಗಡಿಯವರದು ಮೊದಲ ಸಾಲಿನ ಹೆಸರು. ಬನವಾಸಿ ಕಡೆಯ ವ್ಯಾಪಾರಸ್ಥರ ಮನೆಯಲ್ಲಿ ಹುಟ್ಟಿ, ಎಲೆಕ್ಟ್ರಾನಿಕ್ಸ್ ಓದಿ, 1991ರಲ್ಲಿ ಯಲ್ಲಾಪುರದ ಪಾಲಿಟೆಕ್ನಿಕ್ಕಿಗೆ ಬಂದ ಅವರು ಈ 2009ರಲ್ಲಿ ನಿವೃತ್ತರಾಗುತ್ತಿದ್ದಾರೆ.

ವಿಭಾಗದಲ್ಲಿ ಅವರೊಬ್ಬರೇ ಹೆಂಗಸು. ಹಾಗಾಗಿ ಪಾಠದ ಜೊತೆಗೆ ಬೇರೆ ಕೆಲವು ಕೆಲಸಗಳೂ ತಾವಾಗಿಯೇ ಅವರ ಪಾಲಿಗೆ ಬಂದು ಕೂತವು: ವಾರ್ಷಿಕೋತ್ಸವದ ವೇದಿಕೆ, ಅತಿಥಿಗಳ ಹೂಗುಚ್ಛ, ಪ್ರದರ್ಶನದ ಮೇಜಿನ ಹಾಸು. ಎಲ್ಲವನ್ನೂ ಅವರು ನಗುತ್ತಲೇ ಮಾಡಿದರು. ಆದರೆ ಮನೆಗೆ ಹೋಗಿ ಅನ್ನ ಬಸಿಯುವಾಗ, ತಾನು ಓದಿದ್ದು ಇದಕ್ಕೇನು ಎಂಬ ಪ್ರಶ್ನೆ ಎದುರು ಬಂದು ನಿಲ್ಲುತ್ತಿತ್ತು. ಪ್ರಯೋಗಾಲಯದಲ್ಲಿ ಯಾವುದಾದರೂ ಯಂತ್ರ ಕೆಟ್ಟು ಅದರ ಮುಚ್ಚಳ ತೆಗೆಯುವ ಹೊತ್ತಿಗೆ ಅವರನ್ನು ಯಾರೂ ಕರೆಯುತ್ತಿರಲಿಲ್ಲ.

2003ರಲ್ಲಿ ಹುಬ್ಬಳ್ಳಿಯ ಸ್ಪರ್ಧೆಗೆ ಮಕ್ಕಳು ಒಂದು ರೋಬೋ ಸಿದ್ಧಪಡಿಸಿದರು. ನೆಲದ ಮೇಲಿನ ಕಪ್ಪು ಗೆರೆ ಹಿಡಿದು ಓಡಬೇಕಾದ, ಚಹಾ ಟ್ರೇಯಷ್ಟು ಅಗಲದ ಬಂಡಿ ಅದು. ಓಡುತ್ತಿತ್ತು, ನಡುನಡುವೆ ಸುಮ್ಮನೆ ನಿಲ್ಲುತ್ತಿತ್ತು. ಬ್ಯಾಟರಿಯದೇ ದೋಷ ಎಂದು ಎಲ್ಲರೂ ತೀರ್ಮಾನಿಸಿದ್ದರು. ತಂಡದಲ್ಲಿದ್ದ ಸಿದ್ದಾಪುರದ ಹುಡುಗ ಚಿರಂತನ, ಚೌತಿಗೆ ಗಣಪತಿ ಮಂಟಪ ಕಟ್ಟುವುದರಲ್ಲಿ ಎತ್ತಿದ ಕೈ. ಈ ಬಂಡಿಗೂ ಥರ್ಮೋಕೋಲಿನ ಕಮಾನು, ಒಳಗೂ ಹೊರಗೂ ಹೊಳೆಯುವ ಬೇಗಡೆ, ಅಂಚಿಗೆ ಜರಿ ಹಚ್ಚಿ ತಂತಿಗಳ ಗೋಜಲನ್ನೆಲ್ಲ ಮರೆಮಾಡಿದ್ದ. ಮೂರ್ತಿ ಕೂರಿಸುವುದೊಂದು ಬಾಕಿ. ವಿಭಾಗದ ಮುಖ್ಯಸ್ಥರಾಗಿದ್ದ ನಾಗಪತಿ ಭಟ್ಟರು ಅದನ್ನು ಗೌರಕ್ಕನವರ ಮೇಜಿನ ಮೇಲಿಡಿಸಿ, "ಮೇಡಂ, ಒಳಗಿಂದು ಹುಡುಗರು ನೋಡಿದ್ದಾರೆ. ಹೊರಗೆ ನೀವು ಸ್ವಲ್ಪ ಚಂದ ಮಾಡಿಸಿಬಿಡಿ" ಎಂದರು.

ಗೌರಕ್ಕ ಬೇಗಡೆ ಕಿತ್ತರು. ಆಮೇಲೆ ಕಮಾನು. ಆಮೇಲೆ ಒಂದೊಂದಾಗಿ ಸ್ಕ್ರೂಗಳು. ತಂಡದಲ್ಲಿದ್ದ ಒಬ್ಬಳೇ ಹುಡುಗಿ, ನಂದೊಳ್ಳಿಯ ನಮಿತಾ, ಬಿಚ್ಚಿದ್ದನ್ನೆಲ್ಲ ತಟ್ಟೆಗೆ ಹಾಕುತ್ತ ನಿಂತಿದ್ದಳು. "ಮಾಡಿದ್ದೆಲ್ಲ ಹೋತು. ಆನು ಮೇಡಂ ಹತ್ರ ಎಂತೂ ಹೇಳ್ತ್ನಿಲ್ಲೆ, ನೀನೇ ಹೇಳು" ಎಂದು ಚಿರಂತನ ಅವಳ ಕಿವಿಯಲ್ಲಿ ತನ್ನ ಹವ್ಯಕ ಮಾತಿನಲ್ಲಿ ಗೊಣಗಿದ.

ಅಷ್ಟರಲ್ಲಿ ಭಟ್ಟರು ಬಂದರು.

"ಇದೆಂತ ಮೇಡಂ? ನಾಡಿದ್ದು ಸ್ಪರ್ಧೆ."

"ಒಳಗ ಇಷ್ಟು ಹೊಲಸಿಟ್ಟು ಹೊರಗ ಹೆಂಗ ಚಂದ ಮಾಡ್ಲಿ ಸರ್? ಈ ಬೇಗಡಿ ಅಂಚು ನೋಡ್ರಿ, ಬೆಸುಗಿಗೆ ತಾಗಿ ಶಾರ್ಟ್ ಆಗೇತಿ. ಗಾಡಿ ನಿಲ್ಲೂದು ಇದಕ್ಕ."

"ತಿರುಗಿ ಜೋಡಿಸಿದ ಮೇಲೆ ಓಡದಿದ್ರೆ?"

"ನನ್ನ ಹೆಸರು ಹೇಳ್ರಿ."

ಹೇಳಿದ್ದೇನೋ ಗಟ್ಟಿಯಾಗಿಯೇ. ಆದರೆ ಯಂತ್ರ ಓಡದಿದ್ದರೆ, ಚಂದ ಮಾಡಲು ಹೋಗಿ ಕೆಡಿಸಿದವಳು ಎಂಬ ಮಾತು ಸೇವೆಯುದ್ದಕ್ಕೂ ಅಂಟಿಕೊಳ್ಳುತ್ತದೆ, ಹೂಗುಚ್ಛದ ಆಚೆ ಇನ್ನೇನೂ ಕೈಗೆ ಬರುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅಂಟಿನ ಕಲೆಗಳನ್ನು ಮರಳುಕಾಗದದಿಂದ ಉಜ್ಜಿ ತೆಗೆದು, ಮೈಗೆ ತೆಳುವಾಗಿ ಒಂದು ಕೈ ಬೂದುಬಣ್ಣ ಹೊಡೆಸಿದರು. ಉದ್ದ ತಂತಿಗಳನ್ನು ಅಳತೆಗೆ ಕತ್ತರಿಸಿ, ಮೇಣ ಸವರಿದ ದಾರದಲ್ಲಿ ಮಲ್ಲಿಗೆ ದಂಡೆ ಕಟ್ಟುವಂತೆ ಒತ್ತಾಗಿ ಕಟ್ಟಲು ನಮಿತಾಳಿಗೆ ಹೇಳಿದರು. ಬಲಗಾಲಿಯ ತಂತಿಗಳಿಗೆ ಕೆಂಪು ದಾರ, ಎಡಗಾಲಿಯವಕ್ಕೆ ಬಿಳಿ. ಗಂಟು ಸೊಟ್ಟಗಾಯಿತೆಂದು ಮತ್ತೆ ಮತ್ತೆ ಬಿಚ್ಚಿಸಿದಾಗ ಹುಡುಗಿಯ ಕಣ್ಣು ತುಂಬಿತು. ಮೇಡಂ ಸಮಾಧಾನ ಹೇಳುವವರಲ್ಲ. ತಮ್ಮ ಬುತ್ತಿಯ ಅರ್ಧ ರೊಟ್ಟಿಯನ್ನು ಅವಳ ಮುಂದಿಟ್ಟು, "ತಿಂದು ಬಿಚ್ಚು" ಎಂದರು. ಕೊನೆಗೆ ಎಲ್ಲ ಕಾಣುವಂಥ ಪಾರದರ್ಶಕ ಪ್ಲಾಸ್ಟಿಕ್ಕಿನ ಮುಚ್ಚಳ ಕೂರಿಸಿದರು.

ಮರುದಿನ ಇಡೀ ವಿಭಾಗವೇ ಸುತ್ತ ನೆರೆದಿದ್ದಾಗ ಯಂತ್ರ ಹೊರಟಿತು. ಗೆರೆ ಎಡಕ್ಕೆ ತಿರುಗಿದಲ್ಲಿ ಅದು ಬಲಕ್ಕೆ ತಿರುಗಿ ಗೋಡೆಗೆ ಮುಖ ಮಾಡಿತು.

"ಹುಬ್ಬಳ್ಳಿಗೆ ಹೋಗು ಅಂದ್ರೆ ಅಂಕೋಲೆಗೆ ಹೊರಟಿತಲ್ಲ" ಎಂದ ಚಿರಂತನ. ಎಲ್ಲರೂ ನಕ್ಕರು, ಭಟ್ಟರೊಬ್ಬರು ನಗಲಿಲ್ಲ. ಗೌರಕ್ಕನವರ ಕಿವಿ ಬಿಸಿಯಾಯಿತು.

ನಮಿತಾ ಬಗ್ಗಿ ಮುಚ್ಚಳದ ಮೇಲಿಂದಲೇ ನೋಡಿದಳು. "ಮೇಡಂ, ಕೆಂಪು ದಾರ ಎಡಕ್ಕೆ ಹೋಗಿದೆ."

"ಅದನ್ನ ಜೋಡಿಸಿದಾಕಿ ನಾನ. ನನ್ನ ತಪ್ಪು" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಗೌರಕ್ಕ ಸ್ಕ್ರೂಡ್ರೈವರನ್ನು ಅವಳ ಕೈಗಿಟ್ಟರು. ಗೋಜಲಿನಲ್ಲಿ ಹುಡುಕಿದ್ದರೆ ಸಂಜೆಯಾಗುತ್ತಿದ್ದ ಕೆಲಸ, ಸುತ್ತ ನೆರೆದವರ ನಗು ನಿಲ್ಲುವುದರೊಳಗೆ ಮುಗಿಯಿತು. ಈ ಸಲ ಯಂತ್ರ ಗೆರೆ ಬಿಡಲಿಲ್ಲ, ನಡುವೆ ನಿಲ್ಲಲೂ ಇಲ್ಲ.

ಹುಬ್ಬಳ್ಳಿಯಲ್ಲಿ ಅಂದಕ್ಕಿದ್ದ ಬಹುಮಾನ ಮಿಣಮಿಣ ದೀಪದ ಬೇರೊಂದು ಯಂತ್ರದ ಪಾಲಾಯಿತು. ಓಟದಲ್ಲಿ ನಮ್ಮದು ಎರಡನೆಯದು. ಭಟ್ಟರು ಹೊಗಳಿಕೆಯ ಮಾತೇನೂ ಆಡಲಿಲ್ಲ. ಕೆಲವು ದಿನಗಳ ಮೇಲೆ ಪ್ರಯೋಗಾಲಯದ ದೊಡ್ಡ ಉಪಕರಣವೊಂದು ಕೆಟ್ಟು, ಹುಡುಗರು ಸುತ್ತುವರಿದು ಬಿಚ್ಚಲು ಹೊರಟಾಗ ಅವರು ಬಾಗಿಲಲ್ಲೇ ನಿಂತು, "ಯಾರೂ ಕೈ ಹಾಕಬೇಡಿ. ಮೇಡಂ ಬರಲಿ" ಎಂದರು.

ಅಂದಿನಿಂದ ಇಂದಿನವರೆಗೂ ವಿಭಾಗದಲ್ಲಿ ಅದೇ ರೂಢಿ. ನಮಿತಾ ಈಗ ಶಿರಸಿಯಲ್ಲಿ ಅಧ್ಯಾಪಕಿ. ತನ್ನ ವಿದ್ಯಾರ್ಥಿಗಳಿಂದ ಸೊಟ್ಟ ಗಂಟು ಬಿಚ್ಚಿಸುವುದರಲ್ಲಿ ಗುರುವನ್ನೂ ಮೀರಿಸಿದ್ದಾಳೆಂದು ಕೇಳಿದ್ದೇವೆ. ನಿವೃತ್ತಿಯ ನಂತರವೂ ಶನಿವಾರಗಳಂದು ಬರುವುದಾಗಿ ಗೌರಕ್ಕ ಮೇಡಂ ಒಪ್ಪಿದ್ದಾರೆ. ಅವರಿಗೆ ಗಟ್ಟಿ ಆರೋಗ್ಯವೂ ದೀರ್ಘ ಆಯುಸ್ಸೂ ಇರಲಿ. ಮುಚ್ಚಳ ತೆಗೆಯದ ಯಂತ್ರಗಳನ್ನು ಮುಂದಿಟ್ಟುಕೊಂಡು ಮಕ್ಕಳು ಅವರ ಬರವಿಗಾಗಿ ಇನ್ನೂ ಬಹುಕಾಲ ಕಾಯುವಂತಾಗಲಿ.