ಮಲಗಿದವರಿಗೊಂದು ರೊಟ್ಟಿ

ಇನ್ನೂ ಬೆಳಕು ಹರಿದಿಲ್ಲ. ಕಾನ್ವೆಂಟಿನ ಹಿಂಬದಿಯ ಉದ್ದನೆಯ ಕೋಣೆಯಲ್ಲಿ ಒಂದೇ ಒಂದು ಬಲ್ಬು ಉರಿಯುತ್ತಿದೆ. ಅದರಡಿ ನಿಂತ ಹೆಂಗಸು ಒದ್ದೆ ಬಟ್ಟೆಯೊಂದರ ಎರಡು ತುದಿ ಹಿಡಿದು ಮೆಲ್ಲಗೆ ಎತ್ತುತ್ತಾಳೆ. ಕೆಳಗೆ ಬಿಳಿ ಹಾಳೆಗಳ ರಾಶಿ. ಕಾಗದವಲ್ಲ, ರೊಟ್ಟಿ. ಹಿಟ್ಟು, ನೀರು ಬಿಟ್ಟು ಬೇರೇನೂ ಸೇರದ, ತಟ್ಟೆಯಗಲದ ತೆಳು ರೊಟ್ಟಿ. ಮೇಲಿನದೊಂದನ್ನು ತೆಗೆದು ಬಾಗಿಸಿ ನೋಡುತ್ತಾಳೆ. ಚಟ್ಟನೆ ಮುರಿದರೆ ಇನ್ನೂ ಕಾಯಬೇಕು, ಬಳುಕಿದರೆ ಕತ್ತರಿಸಬಹುದು. ಇವತ್ತು ಬಳುಕುತ್ತದೆ.

"ಸುಟ್ಟ ಕೂಡಲೇ ಕತ್ತರಿಸೋಕೆ ಹೋದ್ರೆ ಪುಡಿಪುಡಿ. ರಾತ್ರಿಯೆಲ್ಲಾ ಇದು ತೇವ ಕುಡೀಬೇಕು," ಎನ್ನುತ್ತಾಳೆ. "ಸಿಟ್ಟು ಬಂದಿರೋರ ಥರಾನೇ. ಬಿಸಿ ಇದ್ದಾಗ ಮುಟ್ಟಬಾರದು."

ಹಾಳೆಯನ್ನು ಕಬ್ಬಿಣದ ಅಚ್ಚಿನಡಿ ಜಾರಿಸಿ ಹಿಡಿಕೆ ಒತ್ತುತ್ತಾಳೆ. ನಾಣ್ಯದಗಲದ ಬಿಲ್ಲೆಗಳು ಡಬ್ಬಿಗೆ ಉದುರುತ್ತವೆ. ದಿನಕ್ಕೆ ನಾಲ್ಕೈದು ಸಾವಿರ. ಊರಿನ ಮತ್ತು ಆಸುಪಾಸಿನ ಹನ್ನೊಂದು ಚರ್ಚುಗಳಿಗೆ ಹೋಗುವುದು ಇವೇ. ಪೂಜೆಯಲ್ಲಿ ಫಾದರ್ ಎತ್ತಿ ಹಿಡಿದು ಪ್ರಾರ್ಥಿಸಿದ ಮೇಲೆ ಇದು ಪರಮಪ್ರಸಾದ, ಕ್ರಿಸ್ತನ ಶರೀರ. ಅಲ್ಲಿಯವರೆಗೆ ಬರೀ ರೊಟ್ಟಿ. ಸಾಲಿನಲ್ಲಿ ನಿಂತು ನಾಲಿಗೆ ಚಾಚುವ ಜನ ಅದನ್ನು ಯಾರು ಸುಟ್ಟರೆಂದು ಕೇಳುವುದಿಲ್ಲ. ಕೇಳಬೇಕೆಂದು ಇವಳೂ ಬಯಸುವುದಿಲ್ಲ. ಬೀದಿಯ ಮಕ್ಕಳಿಗೆ ಮಾತ್ರ ಗೊತ್ತು. ಕತ್ತರಿಸಿ ಉಳಿದ ಚೂರುಗಳ ಡಬ್ಬಿ ಯಾರ ಕೈಯಲ್ಲಿದೆ ಎಂಬುದು ಅವರಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ರೊಟ್ಟಿಯಕ್ಕ ಎಂದು ಹೆಸರಿಟ್ಟವರೂ ಅವರೇ. ಈಗ ಕಾನ್ವೆಂಟಿನಲ್ಲೂ ಅದೇ ಹೆಸರು.

ಈ ಅಕ್ಕನ ಬಗ್ಗೆ ಬರೆಯಲು ಇಷ್ಟೇ ಇದ್ದಿದ್ದರೆ ಅರ್ಧ ಪುಟ ಸಾಕಿತ್ತು. ವಿಷಯ ಬೇರೆಯೇ ಇದೆ. ಒಂಬತ್ತು ವರ್ಷ ಊರಿಗೆಲ್ಲ ಈ ರೊಟ್ಟಿ ಸುಟ್ಟವಳು ಒಮ್ಮೆಯೂ ಪರಮಪ್ರಸಾದ ತೆಗೆದುಕೊಂಡಿರಲಿಲ್ಲ. ಭಾನುವಾರ ಪೂಜೆಗೆ ಬರುತ್ತಿದ್ದಳು, ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದಳು. ಜನರೆಲ್ಲ ಎದ್ದು ಸಾಲು ಕಟ್ಟಿದಾಗ ಇವಳು ಕೂತಲ್ಲೇ ಕೂತು ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದಳು.

"ದೇವರ ಜೊತೆ ಠೂ ಬಿಟ್ಟಿದ್ದೆ," ಎಂದು ನಗುತ್ತಾಳೆ. ನಗು ಅರ್ಧಕ್ಕೇ ನಿಲ್ಲುತ್ತದೆ.

ಒಬ್ಬಳೇ ಮಗಳು. ಏಳು ತುಂಬಿ ಎಂಟಕ್ಕೆ ಬಿದ್ದಿದ್ದಳು. ಆ ವರ್ಷ ಮೊದಲ ಸಲ ಪರಮಪ್ರಸಾದ ತೆಗೆದುಕೊಳ್ಳುವ ಮಕ್ಕಳ ಗುಂಪಿನಲ್ಲಿ ಅವಳೂ ಇದ್ದಳು. ಬಿಳಿ ಫ್ರಾಕು ಹೊಲಿಸಿ ಆಗಿತ್ತು. ಮನೆಯಲ್ಲಿ ದಿನವೂ ಅಭ್ಯಾಸ. ಆಗ ಅಕ್ಕ ಬೇಕರಿಯೊಂದರಲ್ಲಿ ಹಿಟ್ಟು ನಾದುತ್ತಿದ್ದಳು. ಬೇಕರಿಯಿಂದ ತಂದ ಬ್ರೆಡ್ಡಿನ ಚೂರನ್ನು ಅಮ್ಮ ನಾಲಿಗೆಯ ಮೇಲಿಡಬೇಕು, ಮಗಳು ಕಣ್ಣು ಮುಚ್ಚಿ ಗಂಭೀರವಾಗಿ "ಆಮೆನ್" ಅನ್ನಬೇಕು, ನಗು ಬಂದರೆ ಮತ್ತೆ ಮೊದಲಿಂದ. ಹೀಗಿರುವಾಗ ಗಂಟಲು ಬಾವು ಬಂತು, ಜ್ವರ ಏರಿತು, ಆಸ್ಪತ್ರೆ ಸೇರಿದ್ದಾಯಿತು. ಆಗಿನ ಫಾದರ್ ನೋಡಲು ಬಂದಾಗ ಮಗು ತಾನಾಗಿಯೇ ಕೇಳಿತಂತೆ, ನನಗೆ ಇಲ್ಲೇ ಕೊಡ್ತೀರಾ ಎಂದು. ಗುಟುಕು ನೀರೂ ಇಳಿಯದ ಗಂಟಲು. ಅವರು ತಲೆ ಸವರಿ, ಹುಷಾರಾಗು ಮಗಳೇ, ಎಲ್ಲರ ಜೊತೆ ಚರ್ಚಲ್ಲೇ ತಗೊಳ್ಳುವಿಯಂತೆ ಅಂದರು. ಮಗು ಹುಷಾರಾಗಲಿಲ್ಲ.

"ಫಾದರ್ ಮೇಲೆ ನನಗೆ ಸಿಟ್ಟಿಲ್ಲ. ಅವರಾದ್ರೂ ಏನು ಮಾಡ್ತಾರೆ, ನುಂಗೋಕೇ ಆಗ್ತಿರಲಿಲ್ಲ," ಎನ್ನುತ್ತಾಳೆ. "ಸಿಟ್ಟು ಬಂದಿದ್ದು ಮೇಲಿರೋನ ಮೇಲೆ. ಅಷ್ಟು ಸಣ್ಣದೊಂದು ಆಸೆ. ಅವಳಿಗೆ ಸಿಗದೇ ಇದ್ದಿದ್ದು ನನಗೂ ಬೇಡ ಅಂತ ಅವತ್ತೇ ಹೇಳಿಬಿಟ್ಟೆ."

ಮುಂದೆ ಬೇಕರಿ ಮುಚ್ಚಿತು. ಕಾನ್ವೆಂಟಿನಲ್ಲಿ ರೊಟ್ಟಿ ಸುಡುತ್ತಿದ್ದ ಹಿರಿಯ ಸಿಸ್ಟರಿಗೆ ಕೈ ನಡುಗಲು ಶುರುವಾಗಿತ್ತು, ಆಳು ಬೇಕಿತ್ತು. ಆ ದೇವರ ರೊಟ್ಟಿಯನ್ನೇ ಸುಡುವುದಕ್ಕೆ ಹೇಗೆ ಒಪ್ಪಿದೆ ಎಂದರೆ ಅಕ್ಕನ ಉತ್ತರ ಚುಟುಕು: "ಕೆಲಸ ಕೆಲಸ, ಜಗಳ ಜಗಳ."

ಮೊದಲ ದಿನವೇ ಎಡವಟ್ಟು. ಬೇಕರಿಯ ಕೈ, ಅಭ್ಯಾಸಬಲದಿಂದ ಹಿಟ್ಟಿಗೆ ಚಿಟಿಕೆ ಉಪ್ಪು ಹಾಕಿಬಿಟ್ಟಿತು. ಹಾಳೆಗಳು ಚಂದ್ರನ ಹಾಗೆ ಬಂದವು. ಬೀಗುತ್ತಾ ಒಂದು ಚೂರು ಮುರಿದು ಕೊಟ್ಟಳು. ಹಿರಿಯ ಸಿಸ್ಟರ್ ಬಾಯಿಗೆ ಹಾಕಿಕೊಂಡು ಕಣ್ಣು ಮಿಟುಕಿಸಿದರು. "ರುಚಿಯಾಗಿದೆಯಮ್ಮಾ. ಅದೇ ತೊಂದರೆ." ಪೂಜೆಯ ರೊಟ್ಟಿಗೆ ಉಪ್ಪು, ಸಕ್ಕರೆ, ಎಣ್ಣೆ ಯಾವುದೂ ಸಲ್ಲದು. ಅಷ್ಟೂ ರೊಟ್ಟಿಯನ್ನು ಕಾನ್ವೆಂಟಿನವರು ವಾರವಿಡೀ ಚಹಾದ ಜೊತೆ ತಿಂದು ಮುಗಿಸಿದರು. ಇವತ್ತಿಗೂ ಅಡುಗೆಮನೆಯ ಸಿಸ್ಟರ್ ಆ ವಾರವನ್ನು ನೆನೆದು ನಿಟ್ಟುಸಿರು ಬಿಡುತ್ತಾರೆ, ಅಂಥ ರೊಟ್ಟಿ ಮತ್ತೆ ಸಿಗಲಿಲ್ಲ ಎಂದು.

ಕೊನೆಯ ಬೆಂಚಿನ ವಿಷಯ ಹಿರಿಯ ಸಿಸ್ಟರಿಗೆ ಗೊತ್ತಿತ್ತು. ಒಮ್ಮೆಯೂ ಕೆದಕಲಿಲ್ಲ. ಒಂದು ದಿನ ಹಿಟ್ಟು ಜರಡಿ ಹಿಡಿಯುತ್ತಾ, "ದೇವರು ನಿನ್ನನ್ನ ಇಲ್ಲಿಗೆ ಯಾಕೆ ಕರೆಸಿಕೊಂಡ ಅಂತ ಯೋಚನೆ ಮಾಡಿದ್ದೀಯಾ?" ಎಂದು ಕೇಳಿದ್ದರು.

"ಬೇಕರಿ ಮುಚ್ಚಿತು, ಬಂದೆ."

"ಅವನಿಗೇನು, ಅಗತ್ಯ ಬಿದ್ದರೆ ಬೇಕರೀನೂ ಮುಚ್ಚಿಸ್ತಾನೆ," ಎಂದು ಸಿಸ್ಟರ್ ಜರಡಿ ತಟ್ಟಿದರು. ಅಕ್ಕ ಮುಖ ಊದಿಸಿಕೊಂಡು ಕಾವಲಿಯ ಕಡೆ ತಿರುಗಿದಳು. ತನ್ನ ಮಗುವನ್ನು ಕಿತ್ತುಕೊಂಡವನ ಉದ್ದೇಶ ಕಟ್ಟಿಕೊಂಡು ತನಗೇನಾಗಬೇಕು ಎಂದು ಅವತ್ತು ಅನ್ನಿಸಿತ್ತಂತೆ.

ಗಂಡ ಬಸ್ ಡ್ರೈವರು, ತಮಾಷೆಯ ಮನುಷ್ಯ. "ನಮ್ಮೋಳು ಅಡುಗೆ ಮಾಡ್ತಾಳೆ, ಊಟಕ್ಕೆ ಮಾತ್ರ ಕೂರಲ್ಲ," ಎಂದು ಹೇಳಿಕೊಂಡು ಓಡಾಡುತ್ತಿದ್ದ. ಸಾಲಿನಲ್ಲಿ ನಿಂತಾಗ ಮಾತ್ರ ಪ್ರತಿ ಭಾನುವಾರ ಒಮ್ಮೆ ಹಿಂದೆ ತಿರುಗಿ ನೋಡುತ್ತಿದ್ದ. ಅವಳು ಅದನ್ನು ನೋಡಿಯೂ ನೋಡದವಳಂತೆ ಇರುತ್ತಿದ್ದಳು.

ಹೋದ ವರ್ಷ ಹಿರಿಯ ಸಿಸ್ಟರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಹೋಯಿತು, ಮಾತು ತೊದಲಾಯಿತು, ನುಂಗುವುದು ಕಷ್ಟವಾಯಿತು. ಪರಮಪ್ರಸಾದವನ್ನು ಉಗುರಿನಷ್ಟು ಮುರಿದು ಕೊಟ್ಟರೂ ಅಂಗುಳಕ್ಕೆ ಅಂಟಿ ಕೆಮ್ಮು ಒತ್ತರಿಸಿ ಬರುತ್ತಿತ್ತು. ನಿಲ್ಲಿಸಿದರು. ದಿನವೂ ಅದೊಂದರ ಮೇಲೆ ಬದುಕಿದ ಮುದುಕಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದನ್ನು ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು. ನುಂಗಲಾರದೆ ಕೇಳುವ ಗಂಟಲು ಅವಳಿಗೆ ಹೊಸದಲ್ಲ. ಅವತ್ತು ಮನೆಗೆ ಹೋಗಲಿಲ್ಲ, ಸೀದಾ ಕಾವಲಿಯ ಮುಂದೆ ಹೋಗಿ ನಿಂತಳು.

ಬಾಯಿಗೆ ಇಡುತ್ತಲೇ ಕರಗುವ ರೊಟ್ಟಿ ಬೇಕಿತ್ತು. ಹಿಟ್ಟನ್ನು ಇನ್ನೂ ತೆಳ್ಳಗೆ ಕಲಸಿದರೆ ಹರಿದುಹೋಗುತ್ತಿತ್ತು. ಕಾವು ಏರಿಸಿದರೆ ಸೀದುಹೋಗುತ್ತಿತ್ತು. ಸರಿಬಂದದ್ದು ಫ್ಯಾನಿನ ಗಾಳಿಗೆ ಹಾರಿಹೋಗಿ ಹಿಟ್ಟಿನ ಮೂಟೆಯ ಹಿಂದೆ ಬಿತ್ತು. ಕೊನೆಗೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದದ್ದೊಂದು ಕೈಗೆ ಬಂತು. ಆದರೆ ಕೂತು ತಿಂದು ನೋಡಿದರೆ ಏನೂ ತಿಳಿಯುತ್ತಿರಲಿಲ್ಲ.

"ಮಲಗಿರೋರ ಬಾಯೇ ಬೇರೆ," ಎನ್ನುತ್ತಾಳೆ. "ಅದಕ್ಕೆ ನಾನೂ ಮಲಗಿದೆ."

ಹಿಟ್ಟಿನ ಮೂಟೆಗಳ ನಡುವೆ ಗೋಣಿ ಹಾಸಿ ಅಂಗಾತ ಮಲಗಿ, ಚೂರನ್ನು ನಾಲಿಗೆಯ ಮೇಲಿಟ್ಟುಕೊಂಡು, ಹಲ್ಲು ತಾಗಿಸದೆ, ಉಗುಳು ನುಂಗದೆ ಕಾಯುವುದು. ಅಡುಗೆಮನೆಯ ಸಿಸ್ಟರ್ ಒಮ್ಮೆ ಒಳಗೆ ಬಂದು ಇವಳನ್ನು ಆ ಭಂಗಿಯಲ್ಲಿ ಕಂಡು ಎದೆ ಒಡೆದುಕೊಂಡಿದ್ದಾರೆ. ಬಾಯಲ್ಲಿ ರೊಟ್ಟಿ ಇದ್ದದ್ದರಿಂದ ಇವಳು ಸತ್ತಿಲ್ಲವೆಂದು ಹೇಳಲೂ ಆಗದೆ ಕೈ ಆಡಿಸಿದಳಂತೆ. ಆ ಪದ್ಧತಿ ಇಂದಿಗೂ ಹಾಗೇ ಇದೆ. ತೆಳು ರೊಟ್ಟಿಯ ಪ್ರತಿ ಸುತ್ತನ್ನೂ ಅಕ್ಕ ಮಲಗಿಯೇ ಪರೀಕ್ಷಿಸುತ್ತಾಳೆ.

ಹಿರಿಯ ಸಿಸ್ಟರ್ ಕೆಮ್ಮಲಿಲ್ಲ. ಸುದ್ದಿ ಹಬ್ಬಿತು. ಹಾಸಿಗೆ ಹಿಡಿದವರಿರುವ ಮನೆಗಳಿಗೆ ಹೋಗುವ ಫಾದರ್, ಆಸ್ಪತ್ರೆಗೆ ಹೋಗುವ ಸಿಸ್ಟರುಗಳು, ಎಲ್ಲರೂ ತೆಳು ರೊಟ್ಟಿ ಕೇಳಿ ಪಡೆಯತೊಡಗಿದರು. ಹನಿ ನೀರಿನೊಂದಿಗೆ ಒಂದು ಚೂರು, ಅಷ್ಟೇ ಸಾಕಾಗುತ್ತಿತ್ತು. ಅಕ್ಕ ಒಂದು ಡಬ್ಬಿಯನ್ನು ಬೇರೆಯಾಗಿಯೇ ತುಂಬಿಡುತ್ತಿದ್ದಳು.

ಕಳೆದ ತಿಂಗಳು ಫಾದರ್ ಖಾಲಿ ಡಬ್ಬಿ ಮರಳಿಸಲು ತಾವೇ ಬಂದರು. ಹೊಸಬರು, ಇವಳ ಕತೆ ತಿಳಿಯದವರು. ಖುಷಿಯಲ್ಲಿದ್ದರು. ಮಕ್ಕಳ ವಾರ್ಡಿನಲ್ಲಿ ಒಂದು ಹುಡುಗಿ ಇದೆ, ಗಂಟಲಿನ ಆಪರೇಷನ್ ಆಗಿದೆ, ಪರಮಪ್ರಸಾದ ಬೇಕೆಂದು ವಾರದಿಂದ ಹಟ ಮಾಡುತ್ತಿತ್ತು, ಡಾಕ್ಟರು ಚೂರು ಕೊಡಬಹುದೆಂದರು, ಇವತ್ತು ನಿಮ್ಮ ರೊಟ್ಟಿಯಲ್ಲೇ ಅದರ ಮೊದಲ ಪರಮಪ್ರಸಾದ ಆಯಿತು ಎಂದರು.

ಅಕ್ಕ ಸೌಟು ಕೆಳಗಿಟ್ಟಳು.

"ಕೆಮ್ಮಿತಾ ಫಾದರ್?"

"ಇಲ್ಲಮ್ಮ. ನಕ್ಕಿತು."

ಅವರು ಹೋದ ಮೇಲೆ ಕಾವಲಿ ಆರಿಸಿ, ಬಾಗಿಲು ಮುಂದೆ ಮಾಡಿ, ಎಂದಿನಂತೆ ಗೋಣಿಯ ಮೇಲೆ ಮಲಗಿದಳು. ಪರೀಕ್ಷಿಸಲು ಅವತ್ತು ಏನೂ ಇರಲಿಲ್ಲ. ಆದರೂ ಒಂದು ಚೂರು ಬಾಯಿಗಿಟ್ಟುಕೊಂಡಳು. ಕಣ್ಣೀರು ಎರಡೂ ಕಿವಿಯೊಳಗೆ ಇಳಿಯಿತು. ಮಗಳು ಕೇಳಿದ್ದು ಮಗಳಿಗೆ ಸಿಗಲಿಲ್ಲ, ಆ ನೋವು ಇದ್ದಲ್ಲೇ ಇತ್ತು, ಇವತ್ತಿಗೂ ಇದೆ. ಆದರೆ ಅದೇ ನೋವು ಈ ಕೈಗಳನ್ನು ಹಿಡಿದು ಇನ್ನೊಂದು ಮಗುವಿನ ನಾಲಿಗೆಯವರೆಗೆ ಕರೆದೊಯ್ದಿತ್ತು. ತಾನು ಠೂ ಬಿಟ್ಟು ಕೂತಿದ್ದ ಅಷ್ಟೂ ವರ್ಷ ಅವನು ತನ್ನ ಪಕ್ಕದಲ್ಲೇ ನಿಂತು ಹಿಟ್ಟು ಕಲಸುತ್ತಿದ್ದನೇನೋ ಎಂದು ಅವಳಿಗೆ ಮೊದಲ ಬಾರಿಗೆ ಅನ್ನಿಸಿತು.

"ಏನೇನೋ ಬೈಬೇಕು ಅಂತಿತ್ತು. ಬಾಯಲ್ಲಿ ರೊಟ್ಟಿ ಇಟ್ಕೊಂಡು ಜಗಳ ಆಡೋಕಾಗುತ್ತಾ?" ಎನ್ನುತ್ತಾಳೆ. "ಸುಮ್ನೆ ಇದ್ದೆ. ಅವನೂ ಸುಮ್ನೆ ಇದ್ದ. ಎಷ್ಟೋ ವರ್ಷದ ಮೇಲೆ ಇಬ್ಬರೂ ಒಟ್ಟಿಗೆ ಇದ್ದಂಗಾಯ್ತು."

ಆ ಶನಿವಾರ ಸಂಜೆ, ಫಾದರ್ ಎದುರು ತಪ್ಪು ಒಪ್ಪಿಕೊಳ್ಳುವ ಪಾಪನಿವೇದನೆಗೆ ಹೋದಳು. ಒಳಗೆ ಹೋದವಳು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಹಿಂದೆ ನಿಂತವರು ಕಾಲು ಬದಲಿಸಿದರು, ಕೆಲವರು ನಾಳೆ ನೋಡೋಣವೆಂದು ಮನೆಗೂ ಹೋದರು. ಭಾನುವಾರ ಜನ ಎದ್ದಾಗ ಕೊನೆಯ ಬೆಂಚಿನಿಂದ ಇವಳೂ ಎದ್ದಳು. ಮುಂದೆ ನಿಂತಿದ್ದ ಗಂಡ ಎಂದಿನಂತೆ ಹಿಂದೆ ತಿರುಗಿದ. ಬೆಂಚು ಖಾಲಿ. ಗಾಬರಿಯಿಂದ ಕಣ್ಣಾಡಿಸಿದವನಿಗೆ ಸಾಲಿನ ತುದಿಯಲ್ಲಿ ಹೆಂಡತಿ ಕಂಡಳು. ತನ್ನ ಜಾಗ ಬಿಟ್ಟು ಹಿಂದೆ ನಡೆದು ಬಂದು ಅವಳ ಪಕ್ಕ ನಿಂತ.

ಪೂಜೆ ಮುಗಿದ ಮೇಲೆ ಅಕ್ಕ ನೇರವಾಗಿ ಹೋದದ್ದು ಹಿರಿಯ ಸಿಸ್ಟರ್ ಅವರ ಕೋಣೆಗೆ. ಕಾನ್ವೆಂಟಿನಲ್ಲಿ ಸುದ್ದಿಗೆ ಕಾಲಿಗಿಂತ ವೇಗ ಜಾಸ್ತಿ, ಇವಳು ಹೊಸಿಲು ದಾಟುವ ಮೊದಲೇ ಮುದುಕಿಯ ಮುಖ ಅರಳಿತ್ತು. ಎಡಗೈ ಚಾಚಿ ಇವಳ ಮಣಿಕಟ್ಟು ಹಿಡಿದುಕೊಂಡರು. ಇಷ್ಟು ವರ್ಷ ಕೊನೆಯ ಬೆಂಚಿನ ಬಗ್ಗೆ ಏನನ್ನೂ ಕೇಳದವರು ತೊದಲುತ್ತಾ ಒಂದೇ ಮಾತು ಕೇಳಿದರು.

"ಹೇಗಿತ್ತು?"

ಹಿಟ್ಟು ಯಾವ ಮೂಟೆಯದು, ಕಾವಲಿಯ ಯಾವ ಮಗ್ಗುಲು ಹೆಚ್ಚು ಕಾದಿತ್ತು ಎಂಬುದನ್ನು ಕೂಡ ನಾಲಿಗೆಯಲ್ಲೇ ಹೇಳಬಲ್ಲವಳು ನಾಲಿಗೆಯನ್ನೊಮ್ಮೆ ಅಂಗುಳಕ್ಕೆ ತಾಗಿಸಿ ನೋಡಿದಳು.

"ನಾನು ಮಾಡಿದ್ದು ಅಂತ ಗೊತ್ತೇ ಆಗಲಿಲ್ಲ ಸಿಸ್ಟರ್," ಎಂದಳು.