ಭಟ್ಟರ ಪಾಲಿಗೆ ಬಂದ ಉರಿ

ಭಟ್ಟರ ಎಡ ಅಂಗೈಯ ನಡುವೆ ನಾಣ್ಯದಷ್ಟು ಅಗಲಕ್ಕೆ ಚರ್ಮ ಕಂದಿ ಗಟ್ಟಿಯಾಗಿತ್ತು. ಸೌಕಾರ್‌ಪೇಟೆಯ ಹೋಟೆಲೊಂದರಲ್ಲಿ ಮೂವತ್ತು ವರ್ಷ, ಕುದಿಯುವ ಸಾಂಬಾರನ್ನು ಸೌಟಿನಿಂದ ಅಲ್ಲಿಗೇ ತೊಟ್ಟಿಕ್ಕಿಸಿಕೊಂಡು ರುಚಿ ನೋಡಿದ ಅಡುಗೆಯವರು ಅವರು. ಉಡುಪಿ ಕಡೆಯವರು. ನಾನು ಅವರನ್ನು ಮೊದಲು ಕಂಡದ್ದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ಇಬ್ಬರಿಗೂ ಗಂಟಲಿನ ಕ್ಯಾನ್ಸರ್.

ಕ್ರೋಂಪೇಟೆಯ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುವ ನಾನು ಅಂದು, ಸಹಿ ಹಾಕಬೇಕಾದ ಕಾಗದ ಹಿಡಿದು, "ಅಯ್ಯೋ, ಏನು ಮಾಡ್ಲಪ್ಪಾ" ಎಂದು ಗೊಣಗಿಕೊಂಡೆ. ಸುತ್ತಲೂ ತಮಿಳು. ಪಕ್ಕದ ಕುರ್ಚಿಯವರು ತಿರುಗಿದರು.

"ಕನ್ನಡದವ್ರಾ? ನನ್ನ ಕೈಯಲ್ಲೂ ಅದೇ ಕಾಗದ ಉಂಟು ಮಾರಾಯ್ರೆ."

ಅದೊಂದು ಸಂಶೋಧನೆ. ನಮ್ಮಂಥ ರೋಗಿಗಳಲ್ಲಿ ಕೆಲವರಿಗೆ ಎಂದಿನ ಪ್ರಮಾಣದ ವಿಕಿರಣ, ಉಳಿದವರಿಗೆ ಅದಕ್ಕಿಂತ ಕಡಿಮೆ. ಕಡಿಮೆ ಕೊಟ್ಟರೆ ಜೊಲ್ಲು, ರುಚಿ, ನುಂಗುವ ಶಕ್ತಿ ಹೆಚ್ಚು ಉಳಿದೀತೇ, ರೋಗವೂ ವಾಸಿಯಾದೀತೇ ಎಂದು ನೋಡುವುದು. ಯಾರಿಗೆ ಯಾವುದೆಂದು ಆರಿಸುವುದು ಕಂಪ್ಯೂಟರ್. ಇಬ್ಬರೂ ಸಹಿ ಹಾಕಿದೆವು.

ನನಗೆ ಕಡಿಮೆ ಬಂತು. ನಾಲಿಗೆಯನ್ನೇ ನಂಬಿ ಬದುಕಿದ ಭಟ್ಟರಿಗೆ ಪೂರ್ತಿ.

ನನಗೆ ತಡೆಯಲಾಗಲಿಲ್ಲ. ನನ್ನದನ್ನು ಅವರಿಗೆ ಕೊಡಿ ಎಂದು ವೈದ್ಯರನ್ನು ಕೇಳಿದೆ. ಹಾಗೆ ಬದಲಾಯಿಸಲು ಬರುವುದಿಲ್ಲ, ಅವರು ಸಂಶೋಧನೆ ಬಿಟ್ಟು ಹೋದರೂ ಸಿಗುವುದು ಪೂರ್ತಿ ಚಿಕಿತ್ಸೆಯೇ ಎಂದರು. ವಿಷಯ ತಿಳಿದು ಭಟ್ಟರು ನಕ್ಕರು.

"ಕಡಿಮೆ ಉರಿ ಸಾಕಾ ಅಂತ ಗೊತ್ತಾಗ್ಬೇಕಾದ್ರೆ ಪಕ್ಕದಲ್ಲಿ ಪೂರ್ತಿ ಉರಿಯದ್ದೊಂದು ಒಲೆ ಬೇಕಲ್ಲ ಟೀಚರಮ್ಮ? ಆ ಒಲೆ ನಾನು." ಆಮೇಲೆ ದನಿ ತಗ್ಗಿಸಿದರು. "ನಿಮಗೂ ಹೆದರಿಕೆ ಉಂಟಲ್ಲ, ಕಡಿಮೆಯಲ್ಲಿ ಬೇಯದಿದ್ರೆ ಎಂತ ಮಾಡುದು ಅಂತ?"

ಆ ಹೆದರಿಕೆಯನ್ನು ನಾನು ಮನೆಯವರಿಗೂ ಹೇಳಿರಲಿಲ್ಲ.

ಚಿಕಿತ್ಸೆಯ ಹೊತ್ತಿನಲ್ಲಿ ಮುಖಕ್ಕೆ ಜಾಳಿಗೆಯ ಮುಖವಾಡ ತೊಡಿಸಿ ಮೇಜಿಗೆ ಬಿಗಿಯುತ್ತಾರೆ. ಅಲ್ಲಾಡುವಂತಿಲ್ಲ. ಮೊದಲ ದಿನ ಉಸಿರುಗಟ್ಟಿ ಅತ್ತುಕೊಂಡು ಹೊರಬಂದೆ. "ಸುಮ್ಮಾ ಕಣ್ಣು ಮುಚ್ಚಿ ಅಡುಗೆ ಶುರು ಮಾಡಿ" ಎಂದರು ಭಟ್ಟರು. "ನಾನು ದಿನಾ ಅಲ್ಲೇ ಮಲಗಿ ಒಂದು ಸಾರು ಮಾಡ್ತೇನೆ. ಒಗ್ಗರಣೆಗೆ ಬರುವಾಗ ಮೆಷಿನ್ ನಿಲ್ತದೆ."

ಮರುದಿನ ಯಂತ್ರ ಗುಂಯ್‌ಗುಟ್ಟತೊಡಗಿದಾಗ ನಾನು ಬೇಳೆ ತೊಳೆದೆ. ನೀರು ಬೆಳ್ಳಗೆ ಹರಿಯಿತು. ಕೊತ್ತಂಬರಿ ಹುರಿಯುವ ಘಮ ಎಲ್ಲಿಂದಲೋ ತೇಲಿಬಂತು; ಮೇಜು, ಮುಖವಾಡ, ನನ್ನ ಗಂಟಲು ಎಲ್ಲವೂ ಆ ಆವಿಯಲ್ಲಿ ಕರಗಿ, ನಾನು ಹಗುರಾಗಿ ಯಾರದೋ ದೊಡ್ಡ ಅಡುಗೆಮನೆಯಲ್ಲಿ ನಡೆದಾಡುತ್ತಿದ್ದೆ. ಇಂಗು ಹಾಕುವಷ್ಟರಲ್ಲಿ ಯಾರೋ ಮುಖವಾಡ ಬಿಚ್ಚಿದರು. ಹೀಗೆ ವಾರಗಟ್ಟಲೆ ನಾವಿಬ್ಬರೂ ಒಬ್ಬರಾದ ಮೇಲೊಬ್ಬರು ಅದೇ ಮೇಜಿನ ಮೇಲೆ ಮಲಗಿ ಇಲ್ಲದ ಒಲೆಯಲ್ಲಿ ಅಡುಗೆ ಮಾಡಿದೆವು. ಹೊರಬಂದು "ಇವತ್ತೆಂತ ಸಾರು?" ಎಂದು ಅವರು ಕೇಳುತ್ತಿದ್ದರು. ಕೊನೆಕೊನೆಗೆ ದನಿ ಹೊರಡದೆ ಕೈಸನ್ನೆಯಲ್ಲೇ ಕೇಳಿದರು. ಅಷ್ಟರಲ್ಲಿ ಅವರ ಮೂಗಿಗೆ ಆಹಾರದ ನಳಿಕೆ ಬಂದಿತ್ತು. ನನ್ನ ಬಾಯಲ್ಲೂ ಹುಣ್ಣುಗಳಿದ್ದವು, ಆದರೆ ಗಂಜಿ ಇಳಿಯುತ್ತಿತ್ತು.

ಇಬ್ಬರಿಗೂ ವಾಸಿಯಾಯಿತು. ಕೆಲವು ತಿಂಗಳಲ್ಲಿ ನನಗೆ ರುಚಿ ಮರಳಿತು. ಭಟ್ಟರ ನಾಲಿಗೆಗೆ ಮರಳಲೇ ಇಲ್ಲ.

ಒಂದು ಭಾನುವಾರ ಅವರ ಫೋನು. "ಹೋಟೆಲಿಗೆ ಒಮ್ಮೆ ಬಂದು ಹೋಗಿ." ಹೋದೆ. ಹಂಡೆಯ ಮುಂದೆ ನಿಂತಿದ್ದರು. ಮೂಗಿನಿಂದ, ಕಿವಿಯಿಂದ, ಕೈಯಂದಾಜಿನಿಂದ ಸಾಂಬಾರು ಮಾಡಿದ್ದರು. ಬಟ್ಟಲು ಮುಂದೆ ಹಿಡಿದು ನನ್ನ ಮುಖವನ್ನೇ ನೋಡಿದರು.

"ಉಪ್ಪು?"

"ಒಂಚೂರು ಕಮ್ಮಿ, ಭಟ್ರೇ."

"ಹುಳಿ?"

"ಸರಿಯಾಗಿದೆ."

"ಹಾಗಾದ್ರೆ ಕೈ ಮರೆತಿಲ್ಲ" ಎಂದು ಮಗುವಿನಂತೆ ನಕ್ಕರು. ಅಂದಿನಿಂದ ಭಾನುವಾರ ಬೆಳಿಗ್ಗೆ ಲೋಕಲ್ ರೈಲು ಹತ್ತುವುದು ನನಗೆ ಅಭ್ಯಾಸವಾಯಿತು. ಎರಡು ವರ್ಷ ಹೋದೆ. ಅವರು ಒಮ್ಮೆಯೂ ತಮ್ಮ ನಷ್ಟದ ಮಾತೆತ್ತಲಿಲ್ಲ.

ಕಳೆದ ವರ್ಷ ಒಂದು ಮಧ್ಯಾಹ್ನ ಊಟ ಬಡಿಸಿ ಮುಗಿಸಿ ಬೆಂಚಿನ ಮೇಲೆ ಒರಗಿದವರು ಏಳಲಿಲ್ಲ. ಹೃದಯ ನಿಂತಿತ್ತು. ಗಂಟಲಿನ ರೋಗ ಮರಳಿ ಬಂದಿರಲಿಲ್ಲ.

ಸಂಶೋಧನೆ ಇನ್ನೂ ಮುಗಿದಿಲ್ಲ. ಕಡಿಮೆ ಸಾಕು ಎಂದು ವೈದ್ಯರು ಮುಂದೊಂದು ದಿನ ಹೇಳಿದರೆ, ಆ ಮಾತಿನಲ್ಲಿ ಅರ್ಧ ಭಟ್ಟರದು. ಈಗ ನಾನು ಊಟಕ್ಕೆ ಕೂತರೆ ಮೊದಲ ತುತ್ತನ್ನು ಬೇಗ ನುಂಗುವುದಿಲ್ಲ. ಮಗಳು "ಯಾಕಮ್ಮಾ, ನೋವಾ?" ಎಂದು ಗಾಬರಿಯಾಗುತ್ತಾಳೆ. ಇಲ್ಲ ಎಂದು ತಲೆಯಾಡಿಸಿ, ಇನ್ನೂ ಸ್ವಲ್ಪ ಹೊತ್ತು ನಾಲಿಗೆಯ ಮೇಲೆ ಉಪ್ಪು, ಹುಳಿ ನೋಡುತ್ತೇನೆ.